ಎಮ್ಮೆಗೆ ಏಳೂವರೆ ಲಕ್ಷ, ಆಯಿಗೆ ಸೊನ್ನೆ

ನಮ್ಮ ಮನೆಯಲ್ಲಿ ಹನ್ನೊಂದು ಜನ. ಇದನ್ನು ಎದೆ ಉಬ್ಬಿಸಿ ಹೇಳುವ ಕಾಲ ಒಂದಿತ್ತು. ಈಗ ಖಾನಾವಳಿಯಲ್ಲಿ ಜಾಗ ಕೇಳುವಾಗಲೂ ದನಿ ತಗ್ಗಿಸುತ್ತೇವೆ. ಹನ್ನೊಂದು ಎಂದ ಕೂಡಲೇ ಎದುರಿನವರು ನಮ್ಮನ್ನು ಬೀಗರ ಮನೆಯಿಂದ ಹೇಳದೆ ಕೇಳದೆ ಬಂದವರಂತೆ ನೋಡುತ್ತಾರೆ.

ಇಷ್ಟು ಜನಕ್ಕೆ ಸಣ್ಣ ಕಾರು ಸಾಲದು ಅಂತ ಹೋದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಇನ್ನೋವಾ ತಂದೆವು. 2013ರ ಗಾಡಿ, ಎಂಜಿನ್ 2494 ಸಿಸಿ. ಆರ್‌ಸಿಯಲ್ಲಿ ಎಂಟು ಸೀಟು ಅಂತಿದೆ. ಉಳಿದ ಮೂವರು ಮಕ್ಕಳು, ತೊಡೆಯ ಮೇಲೆ ಕೂರುತ್ತಾರೆ. ಅವರನ್ನು ಆರ್‌ಸಿ ಇನ್ನೂ ನೋಡಿಲ್ಲ.

ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವುದು ಮನೆಯ ಪದ್ಧತಿ. ಹುಣ್ಣಿಮೆ ಇನ್ನು ಒಂಬತ್ತು ದಿನ ಇದೆ ಅನ್ನುವಾಗ ಡ್ಯಾಶ್‌ಬೋರ್ಡಿನ ಒಳಗೆ ಕುಂಕುಮದ ಪೊಟ್ಟಣ ಹುಡುಕುತ್ತಿದ್ದ ಅವ್ವನ ಕೈಗೆ ಗಾಡಿಯ ಇನ್ಶೂರೆನ್ಸ್ ಪಾಲಿಸಿ ಕಾಗದ ಸಿಕ್ಕಿತು. ಅದು ಮುಗಿದು ಆಗಲೇ ಹದಿನೈದು ದಿನವಾಗಿತ್ತು. ಕಂಪನಿಯವರು ಮೆಸೇಜ್ ಕಳುಹಿಸಿರಲಿಲ್ಲ ಅಂತಲ್ಲ, ಕಳುಹಿಸಿದ್ದರು. ಕಾಕಾನ ನಂಬರಿಗೆ. ಕಾಕಾ ಇಂಗ್ಲಿಷಿನಲ್ಲಿ ಬಂದ ಮೆಸೇಜುಗಳನ್ನೆಲ್ಲ ಸಾಲ ಕೊಡುವವರದ್ದು ಅಂತ ಅಳಿಸಿ ಹಾಕುತ್ತಾರೆ.

ಕಾಕಾ ಸೊಸೈಟಿಯಲ್ಲಿ ಲೆಕ್ಕ ಬರೆದು ರಿಟೈರ್ ಆದವರು. ಮೊದಲು ಕೇಳಿದ್ದೇ ಲೆಕ್ಕ.

“ಇನ್ಶೂರೆನ್ಸ್ ಇಲ್ದ ಸಿಕ್ಕಿಬಿದ್ರ ದಂಡ ಎಷ್ಟ?”

“ಮೊದಲನೇ ಸಲ ಎರಡು ಸಾವಿರ. ಎರಡನೇ ಸಲ ನಾಲ್ಕು.”

“ಇನ್ಶೂರೆನ್ಸಿಗೆ ಎಷ್ಟ?”

“ಬರೀ ಥರ್ಡ್ ಪಾರ್ಟಿಗೇ ಒಂಬತ್ತು ಸಾವಿರದ ಮೇಲೆ.”

ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು. ವರ್ಷಕ್ಕೆ ಎರಡು ಸಲ ಸಿಕ್ಕಿಬಿದ್ದರೂ ಮೂರು ಸಾವಿರ ಉಳಿಯುತ್ತದೆ ಅಂತ ಅವರ ಮುಖದಲ್ಲಿ ಬರೆದಿತ್ತು. ಮೂರು ತಿಂಗಳವರೆಗೆ ಜೈಲೂ ಆಗಬಹುದು ಅಂತ ನಾನು ಹೆದರಿಸಿದೆ. “ಅಲ್ಲಿ ಊಟ ಪುಕ್ಕಟ ಅಲ್ಲೇನು?” ಅಂದರು. 1988ರ ಮೋಟಾರು ವಾಹನ ಕಾಯ್ದೆ ಬರೆದವರು ಏನೇನೋ ಯೋಚಿಸಿರಬಹುದು, ನಮ್ಮ ಕಾಕಾನಂಥವರನ್ನು ಮಾತ್ರ ಯೋಚಿಸಿರಲಿಲ್ಲ.

ಅಗ್ಗದ್ದು ಹುಡುಕಲು ಹತ್ತಾರು ಕಂಪನಿಗಳ ದರವನ್ನು ಒಂದೇ ಕಡೆ ತೋರಿಸುವ ಆ್ಯಪಿಗೆ ಹೋದೆ. ಗಾಡಿ ನಂಬರ್ ಹಾಕಿದೆ. ದರ ತೋರಿಸುವ ಮೊದಲು ಮೊಬೈಲ್ ನಂಬರ್ ಕೇಳಿತು. ಯಾರೂ ತಮ್ಮ ನಂಬರ್ ಕೊಡಲು ಒಪ್ಪಲಿಲ್ಲ. ಕೊನೆಗೆ ಆಯಿಯ, ಅಂದರೆ ನಮ್ಮ ಅಜ್ಜಿಯ, ಗುಂಡಿ ಫೋನಿನ ನಂಬರ್ ಹಾಕಿದೆವು. ಒಂದು ನಿಮಿಷ ಆಗಿರಲಿಲ್ಲ, ಕರೆ ಶುರು. ಹಿಂದಿಯಲ್ಲಿ ಒಬ್ಬ ಹುಡುಗ. ಆಯಿ ಅಪ್ಪಟ ಧಾರವಾಡ ಕನ್ನಡದಲ್ಲಿ ಅವನ ಊಟ ಆಯಿತಾ ಅಂತ ಕೇಳಿದಳು. ಮುಂದಿನವನಿಗೆ ಲಗ್ನ ಆಗಿದೆಯಾ ಅಂತ ಕೇಳಿದಳು. ಮೂರನೆಯವಳಿಗೆ ತನ್ನ ಮಂಡಿ ನೋವಿನ ಕತೆಯನ್ನು ಮೊದಲಿಂದ ಹೇಳಿದಳು. ಎರಡನೇ ದಿನದ ಸಂಜೆಗೆ ಕರೆಗಳು ನಿಂತವು. ಇಂಥ ಕರೆಗಳನ್ನು ತಾನಾಗಿ ನಿಲ್ಲಿಸಿದವರು ಬೇರೆ ಯಾರಾದರೂ ಇದ್ದರೆ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಆದ ಮೇಲೆ ಕಂಡದ್ದೇನು? ಥರ್ಡ್ ಪಾರ್ಟಿಯ ದರ ಎಲ್ಲ ಕಂಪನಿಗಳದ್ದೂ ಒಂದೇ. ಅದನ್ನು ಇಡುವುದು ಕಂಪನಿಯಲ್ಲ, ಕೇಂದ್ರ ಸರಕಾರ. 2022ರ ಜೂನ್‌ನಲ್ಲಿ ಬಂದ ಪಟ್ಟಿ ಹೀಗಿದೆ: ಕಾರಿನ ಎಂಜಿನ್ 1000 ಸಿಸಿ ಒಳಗಿದ್ದರೆ 2,094 ರೂಪಾಯಿ, 1500ರ ತನಕ 3,416, ಅದರ ಮೇಲೆ 7,897. ಮೇಲೆ ಶೇ. 18 ಜಿಎಸ್‌ಟಿ. ಹದಿನಾರು ಕಂಪನಿಗಳ ಬಣ್ಣಬಣ್ಣದ ಗುರುತು, ಕೆಳಗೆ ಅದೇ 7,897. ಒಂದಕ್ಕೆ ‘ಬೆಸ್ಟ್ ಪ್ರೈಸ್’ ಅಂತ ಹಸಿರು ಪಟ್ಟಿ ಬೇರೆ ಹಚ್ಚಿದ್ದರು. ನಮ್ಮ ಧಾರವಾಡದ ಸುಭಾಸ್ ರೋಡಿನಲ್ಲಿ ಯಾವ ಅಂಗಡಿಯವನಿಗೂ ಇಷ್ಟು ಧೈರ್ಯ ಇಲ್ಲ.

ಈ ಸಿಸಿ ಲೆಕ್ಕ ಒಂದು ಮಜಾ. ಪಕ್ಕದ ಮನೆಯವರ ಬೊಲೆರೊ 1493 ಸಿಸಿ. ಏಳು ಸೀಟು, ಕೂರುವುದು ನಮ್ಮಷ್ಟೇ ಜನ, ಹೋಗುವುದು ಅದೇ ಗುಡ್ಡಕ್ಕೆ. ಅವರಿಗೆ 3,416. ಅವರ ಎಂಜಿನ್ ಇನ್ನು ಎಂಟು ಸಿಸಿ ದೊಡ್ಡದಿದ್ದರೂ 7,897 ಕಟ್ಟಬೇಕಿತ್ತು. ಎಂಟು ಸಿಸಿ ಅಂದರೆ ಮಕ್ಕಳಿಗೆ ಜ್ವರದ ಔಷಧ ಹಾಕುವ ಮುಚ್ಚಳದಷ್ಟು. ಒಂದು ಮುಚ್ಚಳಕ್ಕೆ ನಾಲ್ಕೂವರೆ ಸಾವಿರ. ಒಬ್ಬನೇ ಮನುಷ್ಯ ದೊಡ್ಡ ಗಾಡಿಯಲ್ಲಿ ಎಸಿ ಹಾಕಿಕೊಂಡು ಸುಮ್ನೆ ಪೇಡೆ ತರಲು ಹೋದರೂ 7,897, ನಾವು ಹನ್ನೊಂದು ಜನ ಬುತ್ತಿ ಗಂಟಿನ ಜೊತೆ ಹೋದರೂ 7,897. ಸರಕಾರ ಎಂಜಿನ್ನಿನ ಹೊಟ್ಟೆ ಅಳೆಯುತ್ತದೆ. ಗಾಡಿಯ ಹೊಟ್ಟೆಯಲ್ಲಿ ಯಾರಿದ್ದಾರೆ ಅಂತ ಕೇಳುವುದಿಲ್ಲ.

ಅದು ಪೂರ್ತಿ ಅರ್ಥವಾದದ್ದು ಏಜೆಂಟನ ಅಂಗಡಿಯಲ್ಲಿ. ಅಂಗಡಿ ಅಂದರೆ ಒಂದು ಝೆರಾಕ್ಸ್ ಮಶೀನು, ಒಂದು ಎಮಿಷನ್ ಪೈಪು, ಗೋಡೆಗೆ ಹೋದ ವರ್ಷದ ಕ್ಯಾಲೆಂಡರ್. ಕಾಕಾ ನನ್ನ ಜೊತೆ ಬಂದಿದ್ದರು.

“ಸರ, ಬರೇ ಥರ್ಡ್ ಪಾರ್ಟಿ ಮಾಡಿಸಿಬಿಡ್ರಿ. ಅಗ್ಗ ಬೀಳತೈತಿ” ಅಂದ ಏಜೆಂಟ್.

ಕಾಕಾ ಮೂವತ್ತು ವರ್ಷ ಒಂದೇ ಪಾರ್ಟಿಗೆ ಚುನಾವಣೆ ಚೀಟಿ ಹಂಚಿದವರು. ಮೂರನೇ ಪಾರ್ಟಿ ಎಂಬ ಮಾತೇ ಅವರಿಗೆ ಸೇರಲಿಲ್ಲ. “ಒಂದನೇ ಪಾರ್ಟಿ ಯಾರಪಾ?” ಅಂದರು.

“ನೀವರೀ.”

“ಎರಡನೇದ್ದು?”

“ಕಂಪನಿ ರೀ.”

“ಮೂರನೇದ್ದು?”

“ನೀವು ಯಾರಿಗೆ ಗುದ್ದತೀರಿ, ಅವರರೀ.”

“ಮತ್ತ ಗಾಡಿ ಒಳಗ ಕುಂತ ಮಂದಿ?”

ಏಜೆಂಟ್ ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದುಕೊಂಡ. “ಅವರು ಯಾವ ಪಾರ್ಟಿ ಒಳಗೂ ಬರಂಗಿಲ್ರಿ. ಅವರು ಮನೀ ಮಂದಿ ಅಲ್ಲೇನ್ರಿ?”

ನಮ್ಮ ಓಣಿಯ ತುದಿಯಲ್ಲಿ ಗೌಳಿಗರ ಮನೆಗಳಿವೆ. ಬೆಳಿಗ್ಗೆ ಗಾಡಿ ತೆಗೆದರೆ ಮೊದಲು ಎದುರಾಗುವುದು ಎಮ್ಮೆ. ಅದಕ್ಕೇ ಕಾಕಾ ಕೇಳಿದರು, “ಎಮ್ಮಿಗೆ ಬಡದ್ರ?”

“ಎಮ್ಮಿ ಐತ್ರಿ!” ಏಜೆಂಟನ ಮುಖ ಅರಳಿತು. “ಎಮ್ಮಿ ಥರ್ಡ್ ಪಾರ್ಟಿ ಪ್ರಾಪರ್ಟಿ ರೀ. ಆಸ್ತಿ ಲುಕ್ಸಾನಿಗೆ ಏಳೂವರಿ ಲಕ್ಷದ ತನಕ ಕವರ್ ಐತಿ.”

“ನಮ್ಮ ಆಯಿ?”

“ಆಯಿ ಗಾಡಿ ಒಳಗ ಇರ್ತಾರೋ, ಹೊರಗ ಇರ್ತಾರೋ?”

“ಒಳಗ.”

“ಹಂಗಾರ ಇಲ್ರಿ.”

“ಇಳದು ರೋಡಿನ್ಯಾಗ ನಿಂತ್ರ?”

“ಆಗ ಬರತಾರ್ರಿ. ಆಗ ಅವರೂ ಥರ್ಡ್ ಪಾರ್ಟಿ.”

ಅಂದರೆ ನಮ್ಮ ಆಯಿಗೆ ಗಾಡಿಯ ಸೀಟಿಗಿಂತ ಗಾಡಿಯ ಮುಂದೆ ಭದ್ರತೆ ಜಾಸ್ತಿ. ಇದು ಏಜೆಂಟ್ ಹುಟ್ಟಿಸಿಕೊಂಡ ಮಾತಲ್ಲ. ಬರೀ ಕಡ್ಡಾಯದ ಪಾಲಿಸಿ, ಅಂದರೆ ಈ ಥರ್ಡ್ ಪಾರ್ಟಿಯದ್ದು, ಇದ್ದರೆ ಬಿಟ್ಟಿಯಾಗಿ ಕೂತು ಬಂದವರ ಹೊಣೆ ಕಂಪನಿಯದಲ್ಲ ಅಂತ ಸುಪ್ರೀಂ ಕೋರ್ಟೇ 2006ರಲ್ಲಿ ಹೇಳಿದೆ. ತಪ್ಪು ಎದುರಿನ ಗಾಡಿಯದ್ದಾದರೆ ಅದರ ಇನ್ಶೂರೆನ್ಸಿನಿಂದ ಪರಿಹಾರ ಬರಬಹುದು. ಹಾಗಾಗಿ ಅಪಘಾತ ಆಗಲೇಬೇಕಿದ್ದರೆ, ಕಾಗದಪತ್ರ ಸರಿ ಇಟ್ಟುಕೊಂಡವನು ಬಂದು ನಮಗೆ ಗುದ್ದಬೇಕು.

ಬಿಟ್ಟಿ ಅನ್ನುವ ಮಾತು ಕಾಕಾನಿಗೆ ಚುಚ್ಚಿತು. ಹೋದ ಹುಣ್ಣಿಮೆಗೆ ಆಯಿ ಸೆರಗಿನ ಗಂಟು ಬಿಚ್ಚಿ ಡೀಸೆಲಿಗೆ ಐನೂರು ಕೊಟ್ಟಿದ್ದಳು. ಅತ್ತೆ, ಮಾಮಾ ಎಲ್ಲರೂ ಪಟ್ಟಿ ಹಾಕಿದ್ದರು. ಅದನ್ನು ಹೇಳಿದ್ದೇ ತಡ, ಏಜೆಂಟ್ ಕುರ್ಚಿ ಮುಂದೆ ಎಳೆದುಕೊಂಡು ದನಿ ಇಳಿಸಿದ. “ರೊಕ್ಕಾ ತಗೊಂಡೀವಿ ಅಂತ ಎಲ್ಲೂ ಬಾಯಿ ಬಿಡಬ್ಯಾಡ್ರಿ. ಖಾಸಗಿ ಗಾಡಿ ಬಾಡಗಿಗೆ ಓಡಿಸೀರಿ ಅಂತ ಕ್ಲೇಮ್ ಹೊಡದ ಹಾಕತಾರ.” ಆಯಿ ಕೊಟ್ಟರೆ ಬಾಡಿಗೆ, ಕೊಡದಿದ್ದರೆ ಬಿಟ್ಟಿ.

ಇನ್ನು ಕಡ್ಡಾಯದ ವೈಯಕ್ತಿಕ ಅಪಘಾತ ವಿಮೆ, 15 ಲಕ್ಷದ್ದು. ಕೇಳಲು ಚೆನ್ನಾಗಿದೆ. ಆದರೆ ಅದು ಗಾಡಿಯ ಮಾಲೀಕನಿಗೆ, ಅದೂ ಅವನ ಹತ್ತಿರ ಚಾಲ್ತಿಯ ಲೈಸೆನ್ಸ್ ಇದ್ದರೆ. ಆರ್‌ಸಿ ಅಪ್ಪನ ಹೆಸರಿನಲ್ಲಿದೆ. ಅಪ್ಪನಿಗೆ ಕಣ್ಣಿನ ಪೊರೆ, ಲೈಸೆನ್ಸ್ ಮುಗಿದು ನಾಲ್ಕು ವರ್ಷ. ಓಡಿಸುವವನು ನಾನು. ನಾನು ಮಾಲೀಕ ಅಲ್ಲ. ಅಲ್ಲಿಗೆ ಹನ್ನೊಂದರಲ್ಲಿ ಹನ್ನೊಂದೂ ಹೊರಗೆ, ಎಮ್ಮೆ ಒಂದೇ ಒಳಗೆ.

ಎಮ್ಮೆಯ ಮೇಲೆ ನನಗೆ ಸಿಟ್ಟಿಲ್ಲ. ಅರ್ಧಚಂದ್ರದ ಕೊಂಬಿನ ನಮ್ಮ ಧಾರವಾಡಿ ಎಮ್ಮೆಗೆ 2021ರಲ್ಲಿ ದೇಶದ ಅಧಿಕೃತ ತಳಿಗಳ ಪಟ್ಟಿಯಲ್ಲೇ ಜಾಗ ಸಿಕ್ಕಿದೆ. ಪೇಡೆಯ ಹಾಲೂ ಅದರದ್ದೇ. ಅದಕ್ಕೆ ಏಳೂವರೆ ಲಕ್ಷ ಹೆಚ್ಚೇನಲ್ಲ. ಆಯಿಗೂ ಏನಾದರೂ ಇರಬೇಕಿತ್ತು, ಅಷ್ಟೇ.

ಒಳಗಿನವರೂ ಲೆಕ್ಕಕ್ಕೆ ಬರಬೇಕಾದರೆ ಪ್ಯಾಕೇಜ್ ಪಾಲಿಸಿ ಮಾಡಿಸಬೇಕಂತೆ, ಜನ ಮಾತಾಡುವ ಭಾಷೆಯಲ್ಲಿ ಫುಲ್ ಇನ್ಶೂರೆನ್ಸ್. ಅಲ್ಲಿಂದ ಶುರುವಾಯಿತು ಗಾಡಿಯ ಬೆಲೆ ಕಟ್ಟುವ ಆಟ. ಐಡಿವಿ ಅಂತ ಒಂದಿದೆ, ಗಾಡಿ ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಕಂಪನಿ ಲೆಕ್ಕಕ್ಕೆ ಹಿಡಿಯುವ ಬೆಲೆ. ಹೊಸ ಗಾಡಿಗೆ ಅದರ ಲೆಕ್ಕ ಸರಿಯಾಗಿ ಬರೆದಿಟ್ಟಿದ್ದಾರೆ: ಆರು ತಿಂಗಳೊಳಗೆ ಶೇ. 5 ಕಡಿತ, ಐದನೇ ವರ್ಷಕ್ಕೆ ಬರುವಾಗ ಅರ್ಧಕ್ಕರ್ಧ. ಐದು ದಾಟಿದ ಮೇಲೆ ಕಂಪನಿ ಮತ್ತು ಮಾಲೀಕ ಇಬ್ಬರೂ ಒಪ್ಪಿ ಬೆಲೆ ನಿಗದಿ ಮಾಡಬೇಕು. ಒಪ್ಪುವುದು ಹೇಗೆಂದರೆ, ಅವರು ಬರೆದಿರುತ್ತಾರೆ, ನಾವು ಗುಂಡಿ ಒತ್ತುತ್ತೇವೆ. ಅದೇ ಗಾಡಿ, ಅದೇ ದಿನ: ಒಬ್ಬರು 3 ಲಕ್ಷ 10 ಸಾವಿರ ಅಂದರು, ಇನ್ನೊಬ್ಬರು 1 ಲಕ್ಷ 90 ಸಾವಿರ. ಎರಡನೆಯವರದ್ದು ಅಗ್ಗ ಅಂತ ನಾನು ಹಿಗ್ಗಿದೆ. ಬ್ಯಾಡಗಿ ಮೆಣಸಿನಕಾಯಿಯನ್ನು ಮುರಿದು, ಮೂಸಿ, ನಾಲ್ಕು ಅಂಗಡಿ ತಿರುಗಿ ತರುವ ಕಾಕಾ ನನ್ನ ತಲೆಗೆ ಮೊಟಕಿದರು. “ಕಂತು ಕಡಿಮಿ ಮಾಡಿಲ್ಲೋ, ಗಾಡಿ ಕಡಿಮಿ ಮಾಡ್ಯಾರ.”

ಬೋನಸ್ಸಿನ ಕತೆ ಇನ್ನೂ ಚೆಂದ. ಗಾಡಿ ಮಾರಿದವರು ಗದಗಿನ ಒಬ್ಬ ಮಾಸ್ತರರು. ವರ್ಷಗಟ್ಟಲೆ ನಲವತ್ತರ ಸ್ಪೀಡ್ ದಾಟಿಸದೆ, ಒಂದೂ ಕ್ಲೇಮ್ ಮಾಡದೆ ಓಡಿಸಿದ್ದರು. ಅವರಿಗೆ ಶೇ. 50 ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಇತ್ತು. ಅದು ಗಾಡಿಗೆ ಅಂಟಿಕೊಂಡಿರುತ್ತದೆ ಅಂದುಕೊಂಡಿದ್ದೆವು. ಬೋನಸ್ ಮನುಷ್ಯನದ್ದಂತೆ, ಗಾಡಿಯದ್ದಲ್ಲ. ಇಡೀ ವ್ಯವಹಾರದಲ್ಲಿ ಮನುಷ್ಯನನ್ನು ಲೆಕ್ಕಕ್ಕೆ ಹಿಡಿದದ್ದು ಅದೊಂದೇ ಜಾಗದಲ್ಲಿ, ಅದೂ ನಮ್ಮನ್ನಲ್ಲ. ಮಾಸ್ತರರು ಬೋನಸ್ ಕಟ್ಟಿಕೊಂಡು ಹೋದರು. ನಮಗೆ ಉಳಿದದ್ದು ಸೀಟಿನ ಮೇಲಿನ ಸೀಮೆಸುಣ್ಣದ ಪುಡಿ.

ರಿಪೇರಿಯ ನಿಯಮವನ್ನು ತಮ್ಮ ಓದಿ ಹೇಳಿದ. ಗಾಜು ಒಡೆದರೆ ಸವಕಳಿ ಕಡಿತ ಇಲ್ಲ. ಪ್ಲಾಸ್ಟಿಕ್, ರಬ್ಬರ್ ಆದರೆ ಅರ್ಧ ನಮ್ಮದು. ಅದರ ಮೇಲೆ ದೊಡ್ಡ ಎಂಜಿನ್ನಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮೊದಲ ಎರಡು ಸಾವಿರ ನಮ್ಮದೇ. “ಹಂಗಾರ ಇನ್ನಮ್ಯಾಲೆ ಗುದ್ದೂದಿದ್ರ ಗಾಜಿನ್ಯಾಗ ಗುದ್ದೂಣು” ಅಂದ. ಅಷ್ಟರಲ್ಲಿ ಹುಣ್ಣಿಮೆಗೆ ಮೂರೇ ದಿನ ಉಳಿದಿತ್ತು. ಇಪ್ಪತ್ತು ಸಾವಿರದ ಮೇಲೆ ನಾಲ್ಕು ನೂರಕ್ಕೆ ಒಪ್ಪಿದೆವು. ಕಾಕಾ ಎರಡು ಹೊತ್ತು ಊಟಕ್ಕೆ ಬರಲಿಲ್ಲ.

ಪಾಲಿಸಿ ಮುಗಿದು ಹೋಗಿದ್ದರಿಂದ ಗಾಡಿಯ ತಪಾಸಣೆ ಆಗಬೇಕಿತ್ತು. ಈಗ ಅದಕ್ಕೆ ಯಾರೂ ಬರುವುದಿಲ್ಲ, ಫೋನಿಗೆ ಲಿಂಕ್ ಬರುತ್ತದೆ. ನಾವೇ ಗಾಡಿಯ ಸುತ್ತ ನಡೆದು ವಿಡಿಯೊ ಮಾಡಿ ಕಳುಹಿಸಬೇಕು. ಬಾನೆಟ್ ತೆಗೆದು ತೋರಿಸಬೇಕು, ಚಾಸಿ ನಂಬರ್ ಕಾಣಬೇಕು, ಎಂಜಿನ್ ಚಾಲೂ ಇರಬೇಕು.

ಮೊದಲನೇ ವಿಡಿಯೊ ವಾಪಸ್ ಬಂತು. ಅಮಾವಾಸ್ಯೆಗೆ ಕಟ್ಟಿದ ಒಣಗಿದ ಚೆಂಡು ಹೂವಿನ ಮಾಲೆ ಕೆಎ-25ರ ಮೇಲೆ ಜೋತು ಬಿದ್ದು ಮುಂದಿನ ಅಂಕಿಗಳನ್ನೆಲ್ಲ ಮುಚ್ಚಿತ್ತು. ಅವ್ವ ಮಾಲೆ ಬಿಚ್ಚಿದಳು. ನಿಂಬೆಹಣ್ಣು, ಮೆಣಸಿನಕಾಯಿ ಬಿಚ್ಚಲು ಮಾತ್ರ ಒಪ್ಪಲಿಲ್ಲ. ಅದು ಹತ್ತು ರೂಪಾಯಿಗೆ ಹನ್ನೊಂದು ಜನರನ್ನೂ ಕಾಯುತ್ತದಂತೆ.

ಎರಡನೇ ಸಲ ಮಕ್ಕಳನ್ನೆಲ್ಲ ಒಳಗೆ ಅಟ್ಟಿ, ಫೋನ್ ಹಿಡಿದು ಸುತ್ತು ಹಾಕಿದೆ. ಎಡಗಡೆ ಬಂದಾಗ ಗೌಳಿಗರ ಎಮ್ಮೆ ಹಿಂದಿನ ಬಾಗಿಲಿಗೆ ಮೈ ಉಜ್ಜುತ್ತ ನಿಂತಿತ್ತು. ಹೋಗಲಿ ಅಂತ ಮುಂದೆ ಬಂದರೆ ಮುಂದಿನ ಸೀಟಿನಲ್ಲಿ ಆಯಿ. ಇಳಕಲ್ ಸೀರೆ ಉಟ್ಟು, ಎಲೆ-ಅಡಿಕೆಯ ಸಂಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. ಗುಡ್ಡಕ್ಕೆ ಹೋಗುವುದು ಮೂರು ದಿನದ ಮೇಲೆ.

“ಆಯೀ, ಒಂದೀಟು ಇಳಿ.”

“ಇಳಿಯಂಗಿಲ್ಲ. ಇಳದ್ರ ನಿಮ್ಮವ್ವ ಕುಂದರತಾಳ.”

“ಇನ್ಶೂರೆನ್ಸಿನವರಿಗೆ ವಿಡಿಯೊ ಕಳಿಸಬೇಕು.”

“ನನ್ನೂ ತಗೀ, ಕಳಸು. ಅವರರೇ ನೋಡಲಿ.”

ಅರ್ಧ ತಾಸು ಬೇಡಿಕೊಂಡೆ. ಕೊನೆಗೆ ಹಾಗೆಯೇ ಕಳುಹಿಸಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: ‘ವಿಡಿಯೊ ತಿರಸ್ಕರಿಸಲಾಗಿದೆ. ಕಾರಣ: ವಾಹನದಲ್ಲಿ ವ್ಯಕ್ತಿ ಇದ್ದಾರೆ.’

ಎಮ್ಮೆಯ ಬಗ್ಗೆ ತಕರಾರು ಇರಲಿಲ್ಲ.