ನಿಂತಲ್ಲೇ ನಾಲ್ಕು ಕಿಲೋಮೀಟರ್

ಮೊನ್ನೆ ಸಂಜೆ ವಿಜಯಪುರದ ಗಾಂಧಿ ಚೌಕಿನಲ್ಲಿ ನನ್ನ ಬೈಕು ನಿಂತಲ್ಲೇ ನಾಲ್ಕು ಕಿಲೋಮೀಟರ್ ಕಳೆದುಕೊಂಡಿತು. ಮುಂದೆ ಒಂದು ಟಂಟಂ, ಪಕ್ಕದಲ್ಲಿ ಬಾಳೆಹಣ್ಣಿನ ಬಂಡಿ, ಹಿಂದೆ ಹಾರ್ನಿನ ಮೇಲೆ ಹೆಬ್ಬೆರಳಿಟ್ಟುಕೊಂಡೇ ಹುಟ್ಟಿದ ಒಬ್ಬ ತರುಣ. ಗಾಡಿ ಒಂದು ಗೇಣೂ ಕದಲಿರಲಿಲ್ಲ. ಆದರೂ ಪರದೆಯ ಮೇಲೆ ಇನ್ನು ಓಡಬಹುದಾದ ದೂರ 142 ಇದ್ದದ್ದು 138ಕ್ಕೆ ಇಳಿಯಿತು. ಆಮೇಲೆ ಊರು ದಾಟಿ ಸಿಂದಗಿ ರಸ್ತೆಯ ಬಯಲಿಗೆ ಬಿದ್ದೆ. ಅಲ್ಲಿ ಅದೇ ಪರದೆ ಯಾವ ನಾಚಿಕೆಯೂ ಇಲ್ಲದೆ 147 ಎಂದಿತು. ಓಡಿಸಿದಷ್ಟೂ ಪೆಟ್ರೋಲ್ ಹೆಚ್ಚುವುದಾದರೆ ನನ್ನದೇನೂ ತಕರಾರಿಲ್ಲ, ಹಾಗೆಂದು ಬರೆದುಕೊಡಲಿ.

"ಹಾಗಲ್ಲ ಮಾಮಾ, ಅದು ಹಿಂದಿನ ಎವರೇಜ್ ಹಿಡಿದು ಮುಂದಿನದನ್ನು ಹೇಳುತ್ತದೆ" ಎಂದು ಅಕ್ಕನ ಮಗ ತಿಳಿಹೇಳಿದ. ತಿಳಿಹೇಳುವುದು ಅವನಿಗೆ ಬಹಳ ಇಷ್ಟ. ನಿಂತಾಗ ಎಂಜಿನ್ ಕುಡಿಯುತ್ತದೆ, ಗಾಡಿ ಸಾಗುವುದಿಲ್ಲ, ಆದ್ದರಿಂದ ಸರಾಸರಿ ಕುಸಿಯುತ್ತದೆ. ಲೆಕ್ಕ ಸರಿಯೇ. ಆದರೆ ಪರದೆಗೆ ನಾನು ಗಾಂಧಿ ಚೌಕಿನಲ್ಲೇ ಆಯುಷ್ಯ ಕಳೆಯುವವನಲ್ಲ ಎಂಬಷ್ಟಾದರೂ ತಿಳಿಯಬೇಡವೇ?

ಈ ಹುಡುಗನಿಗೂ ನನಗೂ ಬೆಳಗಾವಿಯ ಮೇಲೆ ಹಾಯ್ದು, ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವ ಯೋಜನೆಯೊಂದಿದೆ. ಯೋಜನೆ ಎಂಬ ಮಾತು ಅವನದು. ಅವನ ದೊಡ್ಡ ಗಾಡಿಗೆ 15 ಲೀಟರ್ ಟ್ಯಾಂಕು, ಲೀಟರಿಗೆ 30 ಕೊಡುತ್ತದೆ. ನನ್ನದಕ್ಕೆ 10 ಲೀಟರೂ ಹಿಡಿಯುವುದಿಲ್ಲ, ಆದರೆ 55ಕ್ಕೆ ಮೋಸವಿಲ್ಲ. ಗುಣಿಸಿ ನೋಡಿದರೆ ಯಾರು ದೂರ ಹೋಗುತ್ತಾರೆಂಬುದು ಮೂರನೆಯ ಇಯತ್ತೆಯ ಮಕ್ಕಳಿಗೂ ಗೊತ್ತಾಗುತ್ತದೆ. ಈ ಗುಣಾಕಾರವನ್ನು ಅವನೆದುರು ಮಾಡಿದಾಗಲೆಲ್ಲ ಅವನು ಮಾತನ್ನು ಟೈರಿನ ಕಡೆಗೆ ತಿರುಗಿಸುತ್ತಾನೆ. ಇಲ್ಲಿಂದ ಬೆಳಗಾವಿಗೆ 200 ಕಿಲೋಮೀಟರ್‌ಗಿಂತ ತುಸು ಹೆಚ್ಚು. ದಾರಿಯಲ್ಲಿ ಜಮಖಂಡಿ, ಮುಧೋಳ, ಲೋಕಾಪುರ, ಯರಗಟ್ಟಿ. ಪೆಟ್ರೋಲ್ ಪಂಪ್ ಇಲ್ಲದ ಊರನ್ನು ಹುಡುಕಿಕೊಂಡು ಹೋಗಬೇಕು. ಆದರೂ ಎಲ್ಲಿ ಎಷ್ಟು ಹಾಕಿಸಬೇಕೆಂದು ಅವನು ಮೊಬೈಲಿನಲ್ಲಿ ಬಣ್ಣಬಣ್ಣದ ಕೋಷ್ಟಕ ಮಾಡಿಟ್ಟಿದ್ದಾನೆ. ಆಷಾಢದಲ್ಲಾದರೆ ಪಡುವಣ ಗಾಳಿ ಎದೆಗೇ ಬಡಿಯುತ್ತದೆ, ಹೋಗುವಾಗಿನ ಎವರೇಜ್ ಬೇರೆ, ಬರುವಾಗಿನದು ಬೇರೆ ಎಂದು ನಾನು ಹೇಳಿದ್ದೇ ತಪ್ಪಾಯಿತು. ಈಗ ಕೋಷ್ಟಕಕ್ಕೆ ಗಾಳಿಯದೂ ಒಂದು ಕಾಲಂ ಸೇರಿದೆ.

ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿಗೂ ಮನುಷ್ಯನ ಧೈರ್ಯಕ್ಕೂ ಇರುವ ಸಂಬಂಧದ ಬಗ್ಗೆ ನನ್ನದೊಂದು ಸಿದ್ಧಾಂತವಿದೆ. ಅದನ್ನು ಹೇಳುವುದಕ್ಕೇ ಇದನ್ನೆಲ್ಲ ಬರೆಯುತ್ತಿರುವುದು. ಆದರೆ ಅದಕ್ಕೆ ಮೊದಲು ಕಾಕಾನ ಪರಿಚಯವಾಗಬೇಕು.

ಕಾಕಾ ಜಮಖಂಡಿ ತಾಲೂಕಿನವರು, ಕೃಷ್ಣೆಯ ದಂಡೆಯ ರೈತರು. ಅವರ ಬಳಿ ಹೀರೋ ಹೋಂಡಾ ಸಿಡಿ 100 ಇತ್ತು. 1985ರಲ್ಲಿ ಬಂದ ಆ ಗಾಡಿಯ ಜಾಹೀರಾತು 'ತುಂಬಿಸಿ, ಮುಚ್ಚಿ, ಮರೆತುಬಿಡಿ' ಎನ್ನುತ್ತಿತ್ತು. ಕಾಕಾ ಮೊದಲನೆಯದನ್ನು ಬಿಟ್ಟು ಉಳಿದೆರಡನ್ನು ನಿಷ್ಠೆಯಿಂದ ಪಾಲಿಸಿದರು. ಅವರಿಗೆ ಲೀಟರಿನ ಲೆಕ್ಕ ಹಿಡಿಸುತ್ತಿರಲಿಲ್ಲ. ಗಾಡಿಯನ್ನು ಎರಡು ಸಲ ಎಡಕ್ಕೂ ಬಲಕ್ಕೂ ಕುಲುಕಿ, ಟ್ಯಾಂಕಿಗೆ ಕಿವಿಯಿಟ್ಟು, ಒಳಗಿನ ಗುಳುಗುಳು ಆಲಿಸಿ, "ಇದು ಬನಹಟ್ಟಿ ಪೆಟ್ರೋಲ್" ಅಥವಾ "ಇದು ಮುಧೋಳ ಪೆಟ್ರೋಲ್" ಎಂದು ತೀರ್ಪು ಕೊಡುತ್ತಿದ್ದರು. ಬನಹಟ್ಟಿ ಮುಟ್ಟುವಷ್ಟು ಇದೆ, ಮುಧೋಳ ಮುಟ್ಟುವಷ್ಟು ಇದೆ ಎಂದರ್ಥ. ತಿರುಗಿ ಬರುವುದು ಆ ಲೆಕ್ಕದಲ್ಲಿ ಇರುತ್ತಿರಲಿಲ್ಲ.

ಆಗಿನ ಗಾಡಿಗಳಿಗೆ ರಿಸರ್ವ್ ಇತ್ತು. ಓಡುತ್ತ ಓಡುತ್ತ ಎಂಜಿನ್ ಒಮ್ಮೆ ಕೆಮ್ಮುತ್ತಿತ್ತು, ಗಾಡಿ ಮುಗ್ಗರಿಸುತ್ತಿತ್ತು. ಕಣ್ಣು ರಸ್ತೆಯ ಮೇಲೇ ಇರುವಾಗ ಎಡಗೈ ತಾನಾಗಿ ಮೊಣಕಾಲ ಪಕ್ಕಕ್ಕೆ ಇಳಿದು, ಟ್ಯಾಂಕಿನಡಿಯ ನಲ್ಲಿಯನ್ನು, ಅಂದರೆ ಪೆಟ್ರೋಲ್ ಕಾಕನ್ನು ತಡಕಿ, ಎಣ್ಣೆಧೂಳು ಮೆತ್ತಿದ ಆ ಸಣ್ಣ ಕಿವಿಯನ್ನು ತಿರುಗಿಸುತ್ತಿತ್ತು. ಎರಡು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಎಂಜಿನ್ ಮತ್ತೆ ಹಿಡಿದುಕೊಳ್ಳುತ್ತಿತ್ತು. ರಿಸರ್ವ್ ಎಂದರೆ ಬೇರೆ ಟ್ಯಾಂಕೆಂದು ತಿಳಿದವರು ಬಹಳ. ಟ್ಯಾಂಕು ಒಂದೇ, ಒಳಗಿನ ಕೊಳವೆಗೆ ಎರಡು ಬಾಯಿ, ಒಂದು ಮೇಲೆ, ಒಂದು ತಳದಲ್ಲಿ. ಮೇಲಿನ ಬಾಯಿ ಒಣಗಿತೆಂದರೆ ಎಚ್ಚರಿಕೆ. ಕಾಕಾ ಈ ಕಿವಿಯನ್ನು ಯಾವಾಗಲೂ ರಿಸರ್ವ್‌ನಲ್ಲೇ ಇಟ್ಟು ಓಡಿಸುತ್ತಿದ್ದರು. ತಳದ ಪೆಟ್ರೋಲ್ ಕುಳಿತಲ್ಲೇ ಕುಳಿತರೆ ಕೆಡುತ್ತದೆ ಎಂಬುದು ಅವರ ವಾದ. ಹೀಗಾಗಿ ಅವರ ಗಾಡಿ ಎಂದೂ ಕೆಮ್ಮುತ್ತಿರಲಿಲ್ಲ. ಒಮ್ಮೆಲೇ ನಿಲ್ಲುತ್ತಿತ್ತು.

ಸೋದರಮಾವನ ಮಗನಿಗೆ ಕನ್ಯೆ ನೋಡಲು ಲೋಕಾಪುರಕ್ಕೆ ಹೊರಟ ದಿನವೂ ಹಾಗೇ ನಿಂತಿತು, ಮುಧೋಳ ದಾಟಿ ಸ್ವಲ್ಪವೇ ಮುಂದೆ. ಅಂದಿನದು ಮುಧೋಳ ಪೆಟ್ರೋಲ್ ಎಂದು ಅವರೇ ಹೇಳಿದ್ದರು. ತಮ್ಮ ತೀರ್ಪು ಇಷ್ಟು ನಿಖರವಾಗಿ ನಿಜವಾದದ್ದಕ್ಕೆ ಮುಖದಲ್ಲಿ ಸಂತೋಷವೇ ಕಂಡಿತು. ಉಳಿದವರೆಲ್ಲ ಬಸ್ಸಿನಲ್ಲಿ ಮುಂದೆ ಹೋಗಿದ್ದರು. ಕಾಕಾ ಧೋತರದ ಚುಂಗು ಮೇಲೆ ಸಿಕ್ಕಿಸಿ, ಗಾಡಿಯನ್ನು ಎಡಮಗ್ಗುಲಿಗೆ ನೆಲದ ಮೇಲೆ ಮಲಗಿಸಿದರು. ಟ್ಯಾಂಕಿನ ತಳ ಕತ್ತೆಯ ಬೆನ್ನಿನ ಮೇಲೆ ಇಳಿಬಿಟ್ಟ ಜೋಡುಚೀಲದ ಹಾಗೆ ಎರಡು ಪಾಲು. ಕಾಕು ಎಡಗಡೆ ಇದ್ದರೆ ಬಲಗಡೆಯ ಚೀಲದಲ್ಲಿ ಒಂದಿಷ್ಟು ಉಳಿದೇ ಇರುತ್ತದೆ. ಅದು ಎಡಕ್ಕೆ ಹರಿದು, ಗಾಡಿ ಎದ್ದು ನಿಂತು, ಕಿಕ್ ಹೊಡೆದರೆ ಒಂದೆರಡು ಫರ್ಲಾಂಗು ಓಡಿತು. ಎರಡನೆಯ ಸಲ ಮಲಗಿಸಿದಾಗ ಮುಚ್ಚಳ ತೆಗೆದು ಬಾಯಿಂದ ಊದಿದರು. ಮೂರನೆಯ ಸಲ ಮುಚ್ಚಳದಲ್ಲಿರುವ ಗಾಳಿಯ ಸಣ್ಣ ತೂತು ಕಟ್ಟಿದೆಯೆಂದು ಆರೋಪಿಸಿ ಅದಕ್ಕೆ ಜಾಲಿಯ ಮುಳ್ಳು ಚುಚ್ಚಿದರು. ತೂತು ನಿರಪರಾಧಿ ಎಂದು ತಿಳಿಯಿತು.

ಅಷ್ಟರಲ್ಲಿ ಒಂದು ಕಿರಾಣಿ ಅಂಗಡಿ ಸಿಕ್ಕಿತು. ಹೊರಗಿನ ಕಲ್ಲಿನ ಮೇಲೆ ಬಾಟಲಿಗಳಲ್ಲಿ ಪೆಟ್ರೋಲ್ ಇತ್ತು. ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಅಂಗಡಿಯವನು ಪಂಪಿನ ದರಕ್ಕಿಂತ ಎರಡು ರೂಪಾಯಿ ಹೆಚ್ಚು ಕೇಳಿದ. ಕಾಕಾ ಕಲ್ಲಿನ ಮೇಲೆ ಕುಳಿತರು. ಚಿಕ್ಕಪಡಸಲಗಿಯಲ್ಲಿ ರೈತರು ಸರ್ಕಾರದ ದಾರಿ ಕಾಯದೆ ತಮ್ಮದೇ ದುಡ್ಡು, ತಮ್ಮದೇ ರಟ್ಟೆ ಹಾಕಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ್ದು 1989ರಲ್ಲಿ. ಶ್ರಮಬಿಂದು ಸಾಗರವೆಂದು ಅದಕ್ಕೆ ಹೆಸರು. ಕಾಕಾ ಅಲ್ಲಿ ಕಲ್ಲು ಹೊತ್ತವರು. ಆ ಕಥೆಯನ್ನು ಬುನಾದಿಯಿಂದ ಆರಂಭಿಸಿದರು. ಅಂಗಡಿಯವನು ಪೂರ್ತಿ ಕೇಳಿದ, ಚಹಾ ಕೊಡಿಸಿದ, ಕೈಮುಗಿದ, ಎರಡು ರೂಪಾಯಿ ಮಾತ್ರ ಬಿಡಲಿಲ್ಲ. "ಸರ್ಕಾರಕ್ಕೇ ಕಾಯದವರು ನಾವು, ನಿನ್ನ ಬಾಟಲಿಗೆ ಕಾಯುತ್ತೇವೆಯೇ?" ಎಂದು ಕಾಕಾ ಎದ್ದರು. ಲೋಕಾಪುರದವರೆಗೆ ಅವರು ಹ್ಯಾಂಡಲ್ ಹಿಡಿದರು, ನಾನು ಹಿಂದಿನಿಂದ ತಳ್ಳಿದೆ. ತತ್ವ ಅವರದು, ಬೆವರು ನನ್ನದು. ನನ್ನ ಜೇಬಿನಲ್ಲಿದ್ದ ಎರಡು ರೂಪಾಯಿಯನ್ನು ತೆಗೆಯಲೂ ಬಿಡಲಿಲ್ಲ ಎಂಬುದು ಇಂದಿಗೂ ನನ್ನ ಹೊಟ್ಟೆಯಲ್ಲಿ ಉರಿಯುತ್ತದೆ. ನಾವು ತಲುಪುವಷ್ಟರಲ್ಲಿ ಉಪ್ಪಿಟ್ಟು ಆರಿತ್ತು, ಕನ್ಯೆ ಒಪ್ಪಿಗೆಯಾಗಿತ್ತು, ಅಕ್ಷತೆಯ ತಿಥಿಯೂ ಗೊತ್ತಾಗಿತ್ತು. ತಮ್ಮನ್ನು ಕೇಳದೆ ಗಟ್ಟಿಮಾಡಿದ ಸಂಬಂಧವೆಂದು ಕಾಕಾ ಆ ಸೊಸೆಯ ಕೈಯ ಚಹಾ ಕುಡಿದದ್ದು ಅವಳಿಗೆ ಎರಡು ಮಕ್ಕಳಾದ ಮೇಲೆ. ಆ ಗಂಡಹೆಂಡಿರು ಸುಖವಾಗಿಯೇ ಇದ್ದಾರೆ.

ಬ್ಯಾರೇಜಿನಿಂದ ನೀರು ಬಂತು, ನೀರಿನಿಂದ ಕಬ್ಬು ಬಂತು. ಕಬ್ಬಿನಿಂದ ಈಗ ಎಥೆನಾಲ್ ಬರುತ್ತಿದೆ. ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20 ಅದೇ. ಲೀಟರಿಗೆ ಲೀಟರು ನೋಡಿದರೆ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಶಕ್ತಿ ಕಡಿಮೆ. ಆದ್ದರಿಂದ ಎವರೇಜ್ ತುಸು ಇಳಿದರೆ ಮೆಕ್ಯಾನಿಕ್‌ನನ್ನು ಬೈದು ಉಪಯೋಗವಿಲ್ಲ. ಜೀವಮಾನದಲ್ಲಿ ತಮ್ಮ ಟ್ಯಾಂಕನ್ನು ಒಮ್ಮೆಯೂ ತುಂಬಿಸದ ಕಾಕಾ ತಮ್ಮ ಕಬ್ಬಿನಿಂದ ಊರಿನವರ ಟ್ಯಾಂಕು ತುಂಬಿಸುತ್ತಿದ್ದಾರೆ.

ಸಿದ್ಧಾಂತಕ್ಕೆ ಬರುತ್ತೇನೆ. ಆದರೆ ಕಬ್ಬೆಂದ ಕೂಡಲೇ ಟ್ರ್ಯಾಕ್ಟರುಗಳ ವಿಷಯ ಹೇಳದಿದ್ದರೆ ಹೇಗೆ? ಕಾರ್ಖಾನೆಗಳು ನುರಿಸಲು ಶುರುವಾದವೆಂದರೆ ಜಮಖಂಡಿ, ಮುಧೋಳದ ರಸ್ತೆಗಳಲ್ಲಿ ರಾತ್ರಿ ಗಾಡಿ ಓಡಿಸುವುದು ಬೇಡವೇ ಬೇಡ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಅಂಚು ಮೀರಿ ಚಾಚಿದ ಕಬ್ಬು, ಹಿಂದೆ ಒಂದು ಕೆಂಪು ದೀಪವಿಲ್ಲ. ಎಂಟು ಅಡಿ ಎತ್ತರದ ಸ್ಪೀಕರ್ ಕಟ್ಟಲು ದುಡ್ಡಿರುತ್ತದೆ, ಅಂಗೈಯಗಲದ ರಿಫ್ಲೆಕ್ಟರ್ ಅಂಟಿಸಲು ಇರುವುದಿಲ್ಲ. ಹಾಡು ಕೇಳಿ ಬ್ರೇಕ್ ಹಾಕಬೇಕೆಂಬ ಉದ್ದೇಶವಿದ್ದರೂ ಇರಬಹುದು. ಇದಕ್ಕೆ ಅಕ್ಕನ ಮಗನ ಕೋಷ್ಟಕದಲ್ಲಿ ಕಾಲಂ ಇಲ್ಲ.

ಹುಡುಗನ ಸಿದ್ಧತೆ ಇನ್ನೂ ನಡೆದಿದೆ. ಚೈನಿಗೆ ಹೊಡೆಯುವ ಎಣ್ಣೆಯ ಡಬ್ಬಿ, ಪಂಕ್ಚರ್ ತಿದ್ದುವ ಸಾಮಾನು, ಕ್ಲಚ್ ಕೇಬಲ್, ಬೆನ್ನಿಗೆ ಕಟ್ಟಿಕೊಂಡು ನಳಿಗೆಯಿಂದ ಹೀರುವ ನೀರಿನ ಚೀಲ. ರಿಸರ್ವ್ ಇಲ್ಲದ ಕಾಲದ ಗಾಡಿಯಲ್ಲವೇ ಎಂದು ನಾನು ಕೆಣಕಿದರೆ ಅವನು ಗಂಭೀರವಾಗುತ್ತಾನೆ. ಈಗ ಪೆಟ್ರೋಲ್ ಎತ್ತುವ ಪಂಪು ಟ್ಯಾಂಕಿನೊಳಗೇ ಮುಳುಗಿರುತ್ತದೆ, ಅದನ್ನು ತಂಪಾಗಿಡುವುದು ಪೆಟ್ರೋಲೇ, ಪೂರ್ತಿ ಖಾಲಿ ಮಾಡಿ ಓಡಿಸಿದರೆ ಪಂಪಿಗೇ ಪೆಟ್ಟು ಎನ್ನುತ್ತಾನೆ. ಮಾತು ನಿಜ. ಮಲಗಿಸಿ, ಊದಿ, ಮುಳ್ಳು ಚುಚ್ಚಿ ಎಬ್ಬಿಸುವ ಗಾಡಿಗಳಲ್ಲ ಇವು. ಆದರೆ ಇಷ್ಟೆಲ್ಲ ತಿಳಿದವನು ಅಕ್ಕ ಕಟ್ಟಿಕೊಡುವ ಬುತ್ತಿಗೆ ಮಾತ್ರ ಚೀಲದಲ್ಲಿ ಜಾಗವಿಲ್ಲ ಎನ್ನುತ್ತಾನೆ. ಶೇಂಗಾ ಚಟ್ನಿಗೆ ಜಾಗವಿಲ್ಲದ ಚೀಲವನ್ನು ಯಾಕೆ ಕೊಳ್ಳಬೇಕು?

ಹೊರಡುವ ದಿನ ಇನ್ನೂ ಗೊತ್ತಾಗಿಲ್ಲ. ಹ್ಯಾಂಡಲಿಗೆ ಮೊಬೈಲ್ ಸಿಕ್ಕಿಸುವ ಹಿಡಿಕೆಯೊಂದು ಬರಬೇಕಂತೆ. ಅದು ಬೆಂಗಳೂರಿನಿಂದ ಹೊರಟು ಹುಬ್ಬಳ್ಳಿಯವರೆಗೆ ಬಂದು ಅಲ್ಲೇ ಕುಳಿತಿದೆ. ನಾನೇ ಹೋಗಿ ತರುತ್ತೇನೆಂದರೆ, "ಬೇಡ ಮಾಮಾ, ನಿಮ್ಮ ಗಾಡಿಯಲ್ಲಿ ಪೆಟ್ರೋಲ್ ಎಷ್ಟಿದೆಯೋ ಏನೋ" ಎಂದು ಅಳುಕುತ್ತಾನೆ. ಅಕ್ಕ ಆಗಲೇ ರೊಟ್ಟಿ ಬಡಿದು, ಬಿಳಿ ಅರಿವೆಯಲ್ಲಿ ಸುತ್ತಿ, ಬುಟ್ಟಿಯಲ್ಲಿ ಇಟ್ಟಿದ್ದಾಳೆ. ಕಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ ಎಂಬುದೊಂದೇ ಸದ್ಯದ ಧೈರ್ಯ.