ನೋವಾಯ್ತು ಅನ್ನುವ ಮಾತು

2024ರ ಸೆಪ್ಟೆಂಬರ್ 27ರ ಬೆಳಗ್ಗೆ ಹೆಲೀನ್ ಚಂಡಮಾರುತ ನಾವಿರುವ ಸೌತ್ ಕೆರೊಲಿನಾದ ಗ್ರೀನ್‌ವಿಲ್ ಮೇಲೆ ಹಾದುಹೋಯಿತು. ನಮ್ಮ ಬೀದಿಯ ಹಳೇ ಓಕ್ ಮರ ಎರಡು ಮನೆಗಳ ಅಂಗಳಕ್ಕೂ ಅಡ್ಡ ಬಿದ್ದಿತ್ತು. ಬುಡದ ಕಡೆ ಟ್ರಂಪ್ ಬೋರ್ಡು, ತುದಿಯ ಕಡೆ ಹ್ಯಾರಿಸ್ ಬೋರ್ಡು. ಕೊಂಬೆಗಳ ಅಡಿ ಎರಡೂ ಅಪ್ಪಚ್ಚಿ. ಚುನಾವಣೆಗೆ ಇನ್ನು ಆರು ವಾರವೂ ಇರಲಿಲ್ಲ.

ಮಾರನೇ ದಿನ ಹಳದಿ ಟೀ ಶರ್ಟಿನ ಬ್ಯಾಪ್ಟಿಸ್ಟ್ ಚರ್ಚಿನವರು ಐದಾರು ಜನ ಮರ ಕೊಯ್ಯುವ ಮೆಷಿನ್ ಹಿಡಿದು ಬಂದರು. ಹೆಚ್ಚಿನವರು ಅರವತ್ತು ದಾಟಿದವರು. ಯಾರ ಅಂಗಳ, ಯಾರ ಬೋರ್ಡು ಅಂತ ಯಾರೂ ಕೇಳಲಿಲ್ಲ. ಮಧ್ಯಾಹ್ನದೊಳಗೆ ಮರ ತುಂಡು ತುಂಡಾಗಿ ರಸ್ತೆ ಬದಿ ಸೇರಿತ್ತು. ಕರೆಂಟಿರಲಿಲ್ಲ, ಪುಣ್ಯಕ್ಕೆ ನಮ್ಮದು ಗ್ಯಾಸ್ ಒಲೆ. ಹೆಂಡತಿ ಎಲ್ಲರಿಗೂ ಉಪ್ಪಿಟ್ಟು ಮಾಡಿ ಕೊಟ್ಟಳು. ಇಲ್ಲಿಯವರು ಮೆಕ್ಕೆಜೋಳದ ನುಚ್ಚಿನಲ್ಲಿ ಗ್ರಿಟ್ಸ್ ಅಂತ ಮಾಡುತ್ತಾರೆ. "ಇದು ಅದೇ ಅಲ್ವಾ" ಅಂತ ಒಬ್ಬರು ಎರಡು ಸಲ ಹಾಕಿಸಿಕೊಂಡರು.

ನಾನು ತುಮಕೂರಿನವನು. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಬೆಳೆದವನು. ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಈ ಥರದ ದಯೆಯಲ್ಲಿ ಇಲ್ಲಿನ ಜನರನ್ನು ಮೀರಿಸುವುದು ಕಷ್ಟ. ನಾವು ಗುರುತಿನವರಿಗಾದರೆ ಜೀವ ಬೇಕಾದರೂ ಕೊಡುತ್ತೇವೆ. ಗುರುತಿಲ್ಲದವನ ಮರ ಕೊಯ್ಯಲು ಪಾಳಿ ಹಾಕಿಕೊಂಡು ಹೋಗುವುದು ಕಮ್ಮಿ. (ಸಿದ್ಧಗಂಗಾ ಮಠದ ದಾಸೋಹ ನೆನಪಾಗಿ ಈ ಮಾತನ್ನು ಅರ್ಧ ವಾಪಸ್ ತಗೊಳ್ಳುತ್ತೇನೆ.)

ಆದರೆ ಭಾನುವಾರದ ಕಥೆಯೇ ಬೇರೆ. ಇಲ್ಲಿ ಚರ್ಚನ್ನು ಆರಿಸಿಕೊಳ್ಳಬಹುದು. ಪಾಸ್ಟರ್ ವಲಸಿಗರ ಬಗ್ಗೆ ಎರಡು ಮಾತು ಜಾಸ್ತಿ ಆಡಿದರೆ, ಅಥವಾ ಆಡದೇ ಹೋದರೆ, ಮುಂದಿನ ವಾರ ಐದು ನಿಮಿಷ ಕಾರು ಓಡಿಸಿ ಇನ್ನೊಂದು ಚರ್ಚಿಗೆ ಹೋದರಾಯಿತು. ಹೀಗೆ ಸೋಸಿ ಸೋಸಿ ಕೊನೆಗೆ ಒಂದೇ ಥರ ಓಟು ಹಾಕುವವರೇ ಒಂದು ಕಡೆ ಕೂರುತ್ತಾರೆ. ಬೈಬಲ್ಲನ್ನೇ ಕಟ್ಟುನಿಟ್ಟಾಗಿ ನಂಬುವ ಬಿಳಿಯ ಇವಾಂಜೆಲಿಕಲ್‌ಗಳಲ್ಲಿ ಹತ್ತಕ್ಕೆ ಎಂಟು ಜನ ಟ್ರಂಪ್ ಕಡೆ, ಕಪ್ಪು ಜನರ ಚರ್ಚುಗಳವರು ಬಹುಪಾಲು ಡೆಮಾಕ್ರಟ್ ಕಡೆ. ಓದುವುದು ಮಾತ್ರ ಒಂದೇ ಬೈಬಲ್ಲು. ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆಯಷ್ಟು ಬಿಳಿ ಕಪ್ಪು ಬೇರೆಯಾಗುವ ಹೊತ್ತು ಈ ದೇಶದಲ್ಲಿ ಇನ್ನೊಂದಿಲ್ಲ ಅಂತ ಮಾರ್ಟಿನ್ ಲೂಥರ್ ಕಿಂಗ್ ಯಾವತ್ತೋ ಹೇಳಿದ್ದರು.

ನಮ್ಮ ಸಭೆಯಲ್ಲಿ ಹಾಗೆ ಹೋಗಲು ಜಾಗವಿರಲಿಲ್ಲ. ಕಾಂಗ್ರೆಸ್, ದಳ, ಬಿಜೆಪಿ ಎಲ್ಲರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಹಾಡು ಹಾಡಬೇಕಿತ್ತು. ಅದೇನೂ ದೊಡ್ಡ ಔದಾರ್ಯವಲ್ಲ. ಬೇರೆ ದಾರಿ ಇರಲಿಲ್ಲ, ಅಷ್ಟೇ. ಕಮಿಟಿ ಎಲೆಕ್ಷನ್ನಿನಲ್ಲಿ ಜಗಳವಾದರೆ ಅಯ್ಯನವರು, ಅಂದರೆ ನಮ್ಮ ಪಾಸ್ಟರ್, ಇಬ್ಬರನ್ನೂ ಕರೆದು ಕೈ ಕುಲುಕಿಸುತ್ತಿದ್ದರು. "ಹೋಗ್ಲಿ ಬಿಡ್ರಪ್ಪ, ಆಗಿದ್ದು ಆಯ್ತು." ಯಾರು ಏನು ಅಂದರು, ಯಾರಿಗೆ ಎಲ್ಲಿ ತಾಗಿತು, ಒಂದು ಮಾತೂ ಹೊರಗೆ ಬರುತ್ತಿರಲಿಲ್ಲ. ಕ್ಷಮೆ ಅಂದರೆ ಇದೇ ಅಂತ ನಾನು ತುಂಬಾ ವರ್ಷ ಅಂದುಕೊಂಡಿದ್ದೆ.

ಆಮೇಲೆ ಚಾರ್ಲ್‌ಸ್ಟನ್‌ಗೆ ಹೋದೆ. ನಮ್ಮಲ್ಲಿಂದ ಮೂರು ಗಂಟೆ ದಾರಿ. ಅಲ್ಲಿ ಕ್ಯಾಲ್‌ಹೂನ್ ಬೀದಿಯಲ್ಲಿ ಕಪ್ಪು ಜನರ ಇಮ್ಯಾನುಯೆಲ್ ಚರ್ಚಿದೆ, ಕಟ್ಟಡ ಬಿಳಿ ಬಣ್ಣದ್ದು. ಕ್ಯಾಲ್‌ಹೂನ್ ಅನ್ನುವವನು ಗುಲಾಮಗಿರಿಯನ್ನು ಹೊಗಳಿದ ರಾಜಕಾರಣಿ. ಈ ಸಭೆ ಕಟ್ಟಿದವರಲ್ಲಿ ಒಬ್ಬನಾದ ಡೆನ್ಮಾರ್ಕ್ ವೆಸಿಯನ್ನು, ಗುಲಾಮರ ದಂಗೆಗೆ ಸಂಚು ಮಾಡಿದ ಅಂತ 1822ರಲ್ಲಿ ಗಲ್ಲಿಗೆ ಹಾಕಿದ್ದರು. 2015ರ ಜೂನ್ 17ರ ಬುಧವಾರ ಸಂಜೆ ಅಲ್ಲಿ ಬೈಬಲ್ ಸ್ಟಡಿ ನಡೆಯುತ್ತಿತ್ತು. ಮಾರ್ಕನ ಸುವಾರ್ತೆಯ ಬಿತ್ತುವವನ ಸಾಮ್ಯ, ಅಂದರೆ ಬೀಜ ಬಿತ್ತುವವನ ಬಗ್ಗೆ ಯೇಸು ಹೇಳಿದ ಕಥೆ. ಗುರುತಿಲ್ಲದ ಬಿಳಿ ಹುಡುಗನೊಬ್ಬ ಬಂದ. ವಯಸ್ಸು 21. ಕೂರಿಸಿಕೊಂಡರು. ಸುಮಾರು ಒಂದು ಗಂಟೆ ಕೂತಿದ್ದವನು, ಅವರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ಗುಂಡು ಹಾರಿಸಿದ. ಸಭಾಪಾಲಕರೂ ಸೇರಿ ಒಂಬತ್ತು ಜನ ಸತ್ತರು.

ಎರಡೇ ದಿನಕ್ಕೆ ಅವನನ್ನು ಕೋರ್ಟಿನ ಮುಂದೆ ತಂದಾಗ ಸತ್ತವರ ಮನೆಯವರಿಗೆ ಮಾತಾಡಲು ಬಿಟ್ಟರು. ಸತ್ತವರಲ್ಲಿ ಆ ಚರ್ಚನ್ನು ಗುಡಿಸಿ ಒರೆಸಿ ನೋಡಿಕೊಳ್ಳುತ್ತಿದ್ದ ಎಪ್ಪತ್ತು ವರ್ಷದ ಹೆಂಗಸೂ ಇದ್ದರು. ಅವರ ಮಗಳು ಎದ್ದು ನಿಂತಳು. ತುಂಬಾ ಬೆಲೆಯುಳ್ಳದ್ದನ್ನು ನೀನು ನನ್ನಿಂದ ಕಿತ್ತುಕೊಂಡೆ, ಇನ್ನು ನಾನು ಅಮ್ಮನ ಜೊತೆ ಮಾತಾಡಲಾರೆ, ಅವಳನ್ನು ತಬ್ಬಿಕೊಳ್ಳಲಾರೆ, ಆದರೂ ನಿನ್ನನ್ನು ಕ್ಷಮಿಸುತ್ತೇನೆ ಅಂತ ಹೇಳಿದಳು. ಮೊದಲು ಕಳೆದುಕೊಂಡದ್ದರ ಪಟ್ಟಿ, ಆಮೇಲೆ ಕ್ಷಮೆ. ಕೇಸೂ ನಿಲ್ಲಲಿಲ್ಲ, 2017ರಲ್ಲಿ ಅವನಿಗೆ ಮರಣದಂಡನೆಯ ತೀರ್ಪಾಯಿತು. ಅದಕ್ಕೂ ಮೊದಲೇ, 2015ರ ಜುಲೈ 10ಕ್ಕೆ, ರಾಜ್ಯದ ರಾಜಧಾನಿ ಕೊಲಂಬಿಯಾದ ಶಾಸನಸಭೆಯ ಅಂಗಳದಿಂದ ಕಾನ್ಫೆಡರೇಟ್ ಬಾವುಟ, ಅಂದರೆ ಗುಲಾಮಗಿರಿ ಉಳಿಸಿಕೊಳ್ಳಲು ಅಂತರ್ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ಬಾವುಟ, ಇಳಿಯಿತು. ಅದನ್ನು ಇಳಿಸಿ ಅಂತ ಕೇಳಿ ಕೇಳಿ ಜನ ಸುಸ್ತಾಗಿದ್ದರು.

ಎಲ್ಲ ಮನೆಯವರೂ ಕ್ಷಮಿಸಲಿಲ್ಲ, ಅದನ್ನೂ ಹೇಳಬೇಕು. ಇಷ್ಟು ಬೇಗ ಯಾಕೆ, ಯಾವಾಗಲೂ ಕಪ್ಪು ಜನರೇ ಯಾಕೆ ಕ್ಷಮಿಸಬೇಕು ಅಂತ ಕೇಳಿದವರಿದ್ದರು. ಸರಿಯಾದ ಪ್ರಶ್ನೆಯೇ. ಕೆಲವು ಬಿಳಿ ಚರ್ಚುಗಳಲ್ಲಿ ಆ ಮಗಳ ಕೊನೆಯ ಮಾತನ್ನಷ್ಟೇ ಎತ್ತಿಕೊಂಡು ಪ್ರವಚನ ಮಾಡಿದ್ದನ್ನು ನಾನೇ ಕೇಳಿದ್ದೇನೆ. ಮೊದಲಿನ ಮಾತುಗಳು ಕಾಣೆ. ಆಗ ನನಗೆ ನಮ್ಮೂರಿನ "ಹೋಗ್ಲಿ ಬಿಡ್ರಪ್ಪ" ನೆನಪಾಗಿತ್ತು.

ನಮ್ಮ ಮನೆಯ ವಾಟ್ಸ್ಯಾಪ್ ಗುಂಪಿನಿಂದ ಹೋದ ವರ್ಷ ಚಿಕ್ಕಪ್ಪ ಹೊರಗೆ ಹೋದರು. ರಾಜಕೀಯದ ಒಂದು ವಿಡಿಯೋ, ಅದರ ಕೆಳಗೆ ನನ್ನದೊಂದು ಮಾತು, ಅದಕ್ಕೆ ಅವರದೊಂದು: "ಡಾಲರ್ ಎಣಿಸೋರಿಗೆ ನಮ್ಮ ಊರಿನ ಕಷ್ಟ ಏನು ಗೊತ್ತು." ಅಮ್ಮ ಹೇಳಿದ್ದು ಅದೇ, ಹೋಗ್ಲಿ ಬಿಡು. ಎಂಟು ತಿಂಗಳು ಬಿಟ್ಟೆ. ಹೋದ ಶನಿವಾರ ಬೆಳಗ್ಗೆ ಫೋನ್ ಮಾಡಿದೆ. ಮಳೆ, ಅವರ ಮಂಡಿ ನೋವು, ಅಡಿಕೆ ರೇಟು ಎಲ್ಲ ಆಯಿತು. ಆಮೇಲೆ ಹೇಳಿಯೇಬಿಟ್ಟೆ. "ಚಿಕ್ಕಪ್ಪ, ಡಾಲರ್ ಎಣಿಸೋರು ಅಂದ್ರಲ್ಲ, ಅದು ನಂಗೆ ತುಂಬಾ ನೋವಾಯ್ತು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಟಿವಿ ಸೌಂಡು ಕಮ್ಮಿ ಮಾಡಿದ್ದು ಕೇಳಿಸಿತು.

"ನೀನೂ ಒಂದು ಮಾತು ಅಂದಿದ್ದೆ" ಅಂದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ತಿಂಡಿ ಆಯ್ತೇನೋ?"