ರಜೆ ಕೊಡುವುದಾದರೆ ಹಿಂದಿನ ರಾತ್ರಿಯೇ ಹೇಳಿ

ಕರಾವಳಿ, ಮಲೆನಾಡಿನವರಿಗೆ ‘ಮಳೆ ರಜೆ’ ಹೊಸದಲ್ಲ. ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿಗಳು ಅಂಗನವಾಡಿಯಿಂದ ಪಿಯು ಕಾಲೇಜಿನವರೆಗೆ ರಜೆ ಸಾರುತ್ತಾರೆ. ತಪ್ಪಿದ ಪಾಠವನ್ನು ಶನಿವಾರ ಮಧ್ಯಾಹ್ನವೋ ಭಾನುವಾರವೋ ಸರಿದೂಗಿಸಬೇಕಾಗುತ್ತದೆ. ಅಮೆರಿಕದ ಬಾಸ್ಟನ್ ಕಡೆಯ ‘ಸ್ನೋ ಡೇ’, ಅಂದರೆ ಹಿಮದ ರಜೆ, ಕೂಡ ಇದೇ ಜಾತಿಯದು. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಶಾಲೆ ವರ್ಷಕ್ಕೆ 180 ದಿನ ನಡೆಯಬೇಕು. ವೇಳಾಪಟ್ಟಿಯನ್ನು ಮಾತ್ರ 185 ದಿನಕ್ಕೆ ಹಾಕಿ, ಐದು ದಿನವನ್ನು ಹಿಮಕ್ಕೆಂದೇ ತೆಗೆದಿಡುತ್ತಾರೆ. ಚಳಿಗಾಲದಲ್ಲಿ ತೆಗೆದುಕೊಂಡ ರಜೆಯನ್ನು ಜೂನ್‌ನಲ್ಲಿ ತೀರಿಸುತ್ತಾರೆ. ಹಿಮ ಬಿದ್ದೇ ಬೀಳುತ್ತದೆ ಎಂದು ಮೊದಲೇ ಲೆಕ್ಕ ಹಾಕಿಟ್ಟ ಊರಿದು.

ಈ ಬುದ್ಧಿ ಸುಮ್ಮನೆ ಬಂದಿದ್ದಲ್ಲ. 1978ರ ಫೆಬ್ರವರಿ 6ರ ಸೋಮವಾರ ಬೆಳಗಿನ ಜಾವಕ್ಕೇ ಬರುತ್ತದೆಂದಿದ್ದ ಹಿಮ ಬರಲಿಲ್ಲ. ಮುನ್ಸೂಚನೆ ಸುಳ್ಳಾಯಿತೆಂದು ಜನ ಕೆಲಸಕ್ಕೆ ಹೋದರು. ಹೊತ್ತೇರಿದ ಮೇಲೆ ಶುರುವಾದದ್ದು ನಿಲ್ಲುವಷ್ಟರಲ್ಲಿ ಬಾಸ್ಟನ್ನಿನಲ್ಲಿ 27 ಇಂಚು ದಾಟಿತ್ತು. ಎಲ್ಲರೂ ಒಟ್ಟಿಗೇ ಮನೆಗೆ ಹೊರಟಿದ್ದರಿಂದ ಬಾಸ್ಟನ್ ಸುತ್ತಿನ ಹೆದ್ದಾರಿ ರೂಟ್ 128ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಾರುಗಳು ಹೂತು ನಿಂತವು. ಹಿಮ ಹೊಗೆಕೊಳವೆಯ ಬಾಯಿ ಮುಚ್ಚಿದಾಗ ಎಂಜಿನ್ ಚಾಲೂ ಇಟ್ಟು ಒಳಗೆ ಕುಳಿತವರಲ್ಲಿ ಕೆಲವರು ಕಾರ್ಬನ್ ಮೊನಾಕ್ಸೈಡ್‌ನಿಂದ ಸತ್ತರು. 2013ರ ಫೆಬ್ರವರಿ 8ರಂದು ರಾಜ್ಯಪಾಲ ಡೆವಾಲ್ ಪ್ಯಾಟ್ರಿಕ್ ಸಂಜೆ 4ಕ್ಕೆ ರಸ್ತೆಗಳಿಂದ ಖಾಸಗಿ ವಾಹನಗಳನ್ನು ದೂರವಿಟ್ಟಾಗ ಹಿಮದ ಜೋರು ಇನ್ನೂ ಬರಬೇಕಿತ್ತು. ಇಲ್ಲಿಯ ಕ್ರಮದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಇದೇ: ನಿರ್ಧಾರ ಮೊದಲು, ಹಿಮ ಆಮೇಲೆ. ಹೊರಟ ಮೇಲೆ ಸಿಗುವ ರಜೆಯಿಂದ ಯಾರಿಗೂ ಉಪಯೋಗವಿಲ್ಲ.

ಸಂಬಳದ ಲೆಕ್ಕವನ್ನೂ ಇಲ್ಲಿ ಮೊದಲೇ ಬರೆದಿಟ್ಟಿದ್ದಾರೆ. ತಿಂಗಳ ಸಂಬಳದ, ಓವರ್‌ಟೈಮ್ ಇಲ್ಲದ ವರ್ಗದವರಿಗೆ ಕಂಪನಿಯೇ ಒಂದೆರಡು ದಿನ ಬಾಗಿಲು ಹಾಕಿದರೆ ಅಮೆರಿಕದ ಕಾನೂನಿನಂತೆ ಸಂಬಳ ಕಡಿಯುವಂತಿಲ್ಲ. ಆದರೆ ಅವರ ಖಾತೆಯ ರಜೆಯಿಂದ ಒಂದು ದಿನ ಕಳೆಯಬಹುದು. ಇದನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ. ಆಫೀಸು ತೆರೆದಿದ್ದು ನೀವೇ ಹೋಗದಿದ್ದರೆ ಪೂರ್ತಿ ದಿನದ ಸಂಬಳ ಕಡಿಯಲು ಅವಕಾಶವಿದೆ. ಹಾಗಾಗಿ ‘ಹಿಮ ಬಂತು, ಬರುವುದಿಲ್ಲ’ ಎಂದು ಮೆಸೇಜ್ ಹಾಕಿ ಮಲಗುವ ಮೊದಲು, ಮುಚ್ಚಿದ್ದು ಕಂಪನಿಯೋ ನಾವೋ ಎಂಬುದು ಇಮೇಲಿನಲ್ಲಿ ಸ್ಪಷ್ಟವಾಗಿರಲಿ. ಎಚ್-1ಬಿ ಉದ್ಯೋಗ ವೀಸಾ ಮೇಲಿರುವ ನಮ್ಮವರು ಇನ್ನೊಂದು ಮಾತು ತಿಳಿದಿರಬೇಕು. ಕಂಪನಿಯ ತೀರ್ಮಾನದಿಂದ ಕೆಲಸ ನಿಂತರೆ ಅವರ ಸಂಬಳ ನಿಲ್ಲಿಸುವಂತಿಲ್ಲ. ಗಂಟೆ ಕೂಲಿಯವರ ಪಾಡೇ ಬೇರೆ: ಕೆಲಸವಿಲ್ಲದಿದ್ದರೆ ಕೂಲಿಯೂ ಇಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಮೂರು ಗಂಟೆಗೆ ಕಡಿಮೆಯಿಲ್ಲದ ಪಾಳಿಗೆ ಬಂದವರನ್ನು ಬಾಗಿಲಿನಿಂದಲೇ ಕಳಿಸಿದರೆ ಕನಿಷ್ಠ ಮೂರು ಗಂಟೆಯ ಕನಿಷ್ಠ ವೇತನ ಕೊಡಬೇಕು, ಅಷ್ಟೇ.

ಈ ವ್ಯವಸ್ಥೆಯನ್ನು ವರ್ಕ್ ಫ್ರಮ್ ಹೋಮ್ ಒಳಗಿನಿಂದಲೇ ಬದಲಾಯಿಸಿತು, ಅದೂ ಕೋವಿಡ್‌ಗಿಂತ ಮುಂಚೆಯೇ. 2010ರ ಫೆಬ್ರವರಿಯಲ್ಲಿ ಹಿಮ ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಗಳನ್ನು ನಾಲ್ಕೂವರೆ ದಿನ ಮುಚ್ಚಿಸಿದಾಗ, ದಿನಕ್ಕೆ 7.1 ಕೋಟಿ ಡಾಲರ್ ನಷ್ಟವೆಂದು ಅಂದಾಜು ಹಾಕಿದರು. ಅದೇ ಡಿಸೆಂಬರ್‌ನಲ್ಲಿ ಟೆಲಿವರ್ಕ್ ಕಾಯ್ದೆ ಬಂತು. ಈಗ ಅಲ್ಲಿ ಮನೆಯಿಂದ ಕೆಲಸದ ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಸಾಮಾನ್ಯವಾಗಿ ಹಿಮದ ರಜೆ ಇಲ್ಲ. ಲ್ಯಾಪ್‌ಟಾಪ್ ಇದೆ, ಮಾಡಿ. ಖಾಸಗಿ ಕಂಪನಿಗಳಲ್ಲೂ ಇದೇ ರೂಢಿಯಾಗಿದೆ. ಕೇಳಲು ನ್ಯಾಯವೇ. ಆದರೆ ಹಿಮದ ದಿನ ಮನೆಯಲ್ಲಿ ಕೆಲಸ ಏನೇನಿರುತ್ತದೆಂದು ಈ ನಿಯಮ ಬರೆದವರು ನೋಡಿಲ್ಲವೆಂದೇ ನನ್ನ ಅನಿಸಿಕೆ.

ಮನೆ ಮುಂದೆ ಆರು ಮೀಟರ್ ಅಗಲ, ಹತ್ತು ಮೀಟರ್ ಉದ್ದದ ಡ್ರೈವ್‌ವೇ, ಅಂದರೆ ರಸ್ತೆಯಿಂದ ಮನೆಗೆ ಕಾರು ಬರುವ ದಾರಿ, ಇದೆ ಎನ್ನಿ. ಒಂದಡಿ ಹಿಮ ಬಿದ್ದರೆ ಸುಮಾರು 18 ಘನ ಮೀಟರ್. ಒಣ ಪುಡಿ ಹಿಮವಾದರೆ 1,800 ಕಿಲೋ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬೀಳುವ ಒದ್ದೆ ಹಿಮವಾದರೆ ಅದರ ಇಮ್ಮಡಿ. ಇದನ್ನು ಸಲಿಕೆಯಲ್ಲಿ ಎತ್ತಿ ಹಾಕಬೇಕು. ಪೂರ್ತಿ ನಿಲ್ಲಲೆಂದು ಕಾದರೆ ಕೆಟ್ಟಿತು. ಆರಾರು ಇಂಚಿಗೊಮ್ಮೆ ತೆಗೆಯುವುದು ಸರಿ. ಅಷ್ಟರಲ್ಲಿ ಹಿಮ ತಳ್ಳುವ ಊರಿನ ಪ್ಲೌ ಗಾಡಿ ಬಂದು ರಸ್ತೆಯ ಹಿಮವನ್ನೆಲ್ಲ ನಿಮ್ಮ ಡ್ರೈವ್‌ವೇ ಬಾಯಿಗೆ ತಳ್ಳಿ ಹೋಗುತ್ತದೆ. ಆ ದಿಬ್ಬವನ್ನು ಅದೇ ದಿನ ತೆಗೆಯದಿದ್ದರೆ ರಾತ್ರಿಗೆ ಕಲ್ಲಾಗುತ್ತದೆ. ಹಿಮ ಕರಗಿಸಲು ಹಾಕುವ ಸಾಮಾನ್ಯ ಕಲ್ಲುಪ್ಪು ಮೈನಸ್ 9 ಡಿಗ್ರಿಯಿಂದ ಕೆಳಗೆ ಹೆಚ್ಚುಕಡಿಮೆ ಸೋಲುತ್ತದೆ, ಅಲ್ಲಿ ಕ್ಯಾಲ್ಸಿಯಂ ಕ್ಲೋರೈಡೇ ಬೇಕು. ಬಾಸ್ಟನ್ನಿನಲ್ಲಿ ಹಿಮ ನಿಂತ ಮೂರು ಗಂಟೆಯೊಳಗೆ ಮನೆ ಮುಂದಿನ ಪಾದಚಾರಿ ದಾರಿಯನ್ನು 42 ಇಂಚು ಅಗಲಕ್ಕೆ ಬಿಡಿಸದಿದ್ದರೆ ದಂಡ. ಹಿಮ ಬೆಳಿಗ್ಗೆ 11ಕ್ಕೆ ನಿಂತರೆ ಮಧ್ಯಾಹ್ನ 2ರ ಗಡುವು. ಅದೇ ಹೊತ್ತಿಗೆ ಮೀಟಿಂಗು.

ಮನೆ ಬಿಸಿಯಿಡುವ ಫರ್ನೇಸಿನ ಹೊಗೆಕೊಳವೆಯೂ ಇದೆ. ಈಗಿನ ಗ್ಯಾಸ್ ಫರ್ನೇಸುಗಳ ಕೊಳವೆ ಪಕ್ಕದ ಗೋಡೆಯಿಂದ ಹೊರಬರುತ್ತದೆ, ಹಿಮ ಪೇರಿಕೊಂಡರೆ ಮುಚ್ಚುತ್ತದೆ. 2005ರಲ್ಲಿ ಹೀಗೇ ಮುಚ್ಚಿ ಪ್ಲಿಮತ್‌ನ ಬಾಲಕಿಯೊಬ್ಬಳು ಸತ್ತ ಮೇಲೆ ಮ್ಯಾಸಚೂಸೆಟ್ಸ್ ಗ್ಯಾಸ್, ಎಣ್ಣೆಯಂಥ ಇಂಧನ ಉರಿಸುವ ಮನೆಗಳಿಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯ ಮಾಡಿತು. ಕೊಳವೆಯ ಸುತ್ತ ಎರಡು ಮೂರು ಅಡಿ ಬಿಡಿಸಿಡಬೇಕು, ದಿನಕ್ಕೆ ನಾಲ್ಕು ಸಲ ನೋಡಬೇಕು. ಇನ್ನು ಒದ್ದೆ ಹಿಮಕ್ಕೆ ಕೊಂಬೆ ಮುರಿದು ತಂತಿ ಬಿದ್ದರೆ ಕರೆಂಟ್ ಹೋಗುತ್ತದೆ. ಅದರ ಜೊತೆ ವೈಫೈ ಹೋಗುತ್ತದೆ, ಗಾಳಿ ತಳ್ಳುವ ಫ್ಯಾನು ಕರೆಂಟಿನದೇ ಆದ್ದರಿಂದ ಫರ್ನೇಸೂ ನಿಲ್ಲುತ್ತದೆ. ಮೋಡೆಮ್ ಮತ್ತು ರೌಟರಿಗೆ ಒಂದು ಸಣ್ಣ ಯುಪಿಎಸ್ ಇಟ್ಟರೆ ಗಂಟೆ ಎರಡು ಗಂಟೆ ತಳ್ಳಬಹುದು. ಆಮೇಲೆ ಮನೆಯೇ ಕೊರೆಯುತ್ತಿರುವಾಗ ಕೆಲಸದ ಮಾತೆಲ್ಲಿ?

ಬೆಂಗಳೂರಿನ ಕಡೆ ನೋಡಿದಾಗ ಸಂಕಟವಾಗುವುದು ಬೇರೆ ಕಾರಣಕ್ಕೆ. 2022ರ ಆಗಸ್ಟ್ 30ರ ಮಳೆಗೆ ಹೊರವರ್ತುಲ ರಸ್ತೆಯಲ್ಲಿ ಜನ ಐದೈದು ಗಂಟೆ ಸಿಕ್ಕಿಬಿದ್ದರು, 225 ಕೋಟಿ ರೂಪಾಯಿ ನಷ್ಟವೆಂದು ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಬರೆಯಿತು. ಮುಂದಿನ ವಾರ ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದವರ ಚಿತ್ರ ದೇಶವೆಲ್ಲ ನೋಡಿತು. ಅದನ್ನು ಕರ್ತವ್ಯನಿಷ್ಠೆ ಎಂದು ಹೊಗಳಿದವರೂ ಇದ್ದರು. ಮನೆಯಲ್ಲಿ ಕುಳಿತೇ ಮಾಡಬಹುದಾದ ಕೆಲಸಕ್ಕೆ ಮೊಣಕಾಲುದ್ದ ನೀರಿನಲ್ಲಿ ಬರುವುದನ್ನು ನಿಷ್ಠೆ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಮಕ್ಕಳಿಗೆ ಮಳೆ ರಜೆ ಕೊಡುವ ಅಧಿಕಾರಿ ನಮ್ಮಲ್ಲಿದ್ದಾರೆ, ದೊಡ್ಡವರಿಗೆ ಮಾತ್ರ ಒಬ್ಬೊಬ್ಬರೂ ಅವರವರ ಮ್ಯಾನೇಜರನ್ನು ಬೇಡಿಕೊಳ್ಳುವುದೇ ದಾರಿ.

ಕಂಪನಿಗಳು ಮಾಡಬೇಕಾದ್ದು ಕಡಿಮೆಯೇ. ಹವಾಮಾನ ಇಲಾಖೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟರೆ ರಾತ್ರಿ 8ರೊಳಗೆ ಎಲ್ಲರಿಗೂ ಒಂದೇ ಸಂದೇಶ ಹೋಗಲಿ: ನಾಳೆ ಮನೆಯಿಂದ. ಕರೆಂಟ್ ಹೋದವರ, ಮನೆಗೆ ನೀರು ನುಗ್ಗಿದವರ ದಿನವನ್ನು ಅವರ ರಜೆಯಿಂದ ಕಳೆಯುವುದಿಲ್ಲ ಎಂದು ಅದರಲ್ಲೇ ಬರೆದಿರಲಿ. ಕ್ಯಾಂಟೀನಿನವರು, ಹೌಸ್‌ಕೀಪಿಂಗ್‌ನವರು, ಕ್ಯಾಬ್ ಚಾಲಕರು ಮನೆಯಿಂದ ಕೆಲಸ ಮಾಡಲಾರರು. ಅವರ ಆ ದಿನದ ಕೂಲಿ ಯಾರು ಕೊಡುತ್ತಾರೆಂಬುದನ್ನು ಗುತ್ತಿಗೆದಾರರೊಂದಿಗಿನ ಕರಾರಿನಲ್ಲೇ, ಮಳೆಗಾಲ ಶುರುವಾಗುವ ಮೊದಲೇ ಸೇರಿಸಬೇಕು. ಬಾಸ್ಟನ್ ಅದನ್ನು ಇಷ್ಟು ಚಳಿಗಾಲ ಕಳೆದರೂ ಮಾಡಿಲ್ಲ.